‘ವ್ಯಾಕ್ಯೂಮ್ ಪೈಪ್ ಸುಟ್ಟೋಗಿದೆ’: ಬರವಣಿಗೆಯಲ್ಲಿ ಇದನ್ನು ಹೇಗೆ ಹೇಳುವುದು?

ಎಲ್ಲರಿಗೂ ನಮಸ್ಕಾರ.

ಟರ್ಬೊ (ಎಂಜಿನ್ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಇರುವ ಕಾರುಗಳ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಐಟಿಐ ಓದುವ ಹುಡುಗರಿಗೂ ಕಾರು ಇಟ್ಟುಕೊಂಡವರಿಗೂ ಅದು ಉಪಯೋಗವಾಗಬೇಕು. ಟರ್ಬೊ ಪಕ್ಕದಲ್ಲಿ ಹಾದುಹೋಗುವ ಸಣ್ಣ ರಬ್ಬರ್ ಕೊಳವೆ ಬಿಸಿಗೆ ಕೆಡುತ್ತದಲ್ಲ, ಆ ಭಾಗಕ್ಕೆ ಬಂದು ಕೆಲಸ ನಿಂತಿದೆ. ಅನುವಾದದ ಕನ್ನಡದಲ್ಲಿ ಇದು ‘ಶಾಖದಿಂದ ಹಾನಿಗೊಳಗಾದ ನಿರ್ವಾತ ಕೊಳವೆ’ ಆಗಿಬಿಡುತ್ತದೆ. ಗ್ಯಾರೇಜಿನಲ್ಲಿ ‘ವ್ಯಾಕ್ಯೂಮ್ ಪೈಪ್ ಸುಟ್ಟೋಗಿದೆ’ ಅನ್ನುತ್ತಾರೆ. ಮೊದಲನೆಯದನ್ನು ಮೆಕ್ಯಾನಿಕ್ ಓದುವುದೇ ಇಲ್ಲ. ಎರಡನೆಯದು ಕೂಡಲೇ ಅರ್ಥವಾಗುತ್ತದೆ, ಆದರೆ ಮುಂದೆ ಏನು ಮಾಡಬೇಕು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಇವೆರಡರ ನಡುವೆ ಸರಿಯಾದ ಮಾತು ಬೇಕು.

ಮೊದಲು ‘ನಿರ್ವಾತ’. ಗಾಳಿಯೇ ಇಲ್ಲದ ಜಾಗಕ್ಕೆ ಶಾಲೆಯ ಪುಸ್ತಕಗಳಲ್ಲಿ ಬಳಸುವ ಪದ ಇದು. 1643ರಲ್ಲಿ ಇಟಲಿಯ ವಿಜ್ಞಾನಿ ಟಾರಿಚೆಲ್ಲಿಯ ಗಾಜಿನ ಕೊಳವೆಯಲ್ಲಿ ಪಾದರಸದ ಮೇಲೆ ಉಳಿದ ಬರಿದು ಜಾಗಕ್ಕೆ ಅದು ಒಪ್ಪುತ್ತದೆ. ಕಾರಿನಲ್ಲಿ ಹಾಗಿಲ್ಲ. ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಗಾಳಿ ಒಳಬಿಡುವ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್ ಗಾಳಿ ಎಳೆಯುತ್ತಲೇ ಇರುತ್ತದೆ. ಹೊರಗೆ ಸುಮಾರು 100 ಕಿಲೋಪ್ಯಾಸ್ಕಲ್ ಒತ್ತಡ ಇದ್ದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ 30ರಿಂದ 40 ಇರುತ್ತದೆ. ಅಂದರೆ ಗಾಳಿ ಇದೆ, ಕಡಿಮೆ ಇದೆ ಅಷ್ಟೆ. ಅದೂ ಅಲ್ಲದೆ ‘ನಿರ್ವಾತ ಕೊಳವೆ’ ಅಂದರೆ ಹಳೇ ರೇಡಿಯೊದ ವಾಲ್ವ್ ಅನ್ನುವ ಅರ್ಥವೂ ಬರುತ್ತದೆ.

ಇದಕ್ಕೆ ನನ್ನ ಮನಸ್ಸು ‘ಸೆಳೆತ’ದ ಕಡೆಗಿದೆ. ಎಷ್ಟು ಎಳೆಯುತ್ತಿದೆ ಅನ್ನುವುದು ಒಳಗೂ ಹೊರಗೂ ಇರುವ ಒತ್ತಡದ ಅಂತರ. ಆ ಅಂತರ ‘ಸೆಳೆತ’ದಲ್ಲಿ ಸಹಜವಾಗಿ ಬರುತ್ತದೆ. ಒಂದೇ ಕಾರಿಗೆ ಮಂಗಳೂರಿನಲ್ಲಿ ಸೆಳೆತ ಅಳೆಯುವ ಗೇಜ್ ಹಾಕಿದರೆ ಬರುವ ಅಳತೆ ಬೆಂಗಳೂರಿನಲ್ಲಿ ಸುಮಾರು 3 ಇಂಚು ಪಾದರಸದಷ್ಟು ಕಡಿಮೆ ಬರುತ್ತದೆ. ಎಂಜಿನ್ ಕೆಟ್ಟಿಲ್ಲ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಹೊರಗಿನ ಒತ್ತಡವೇ ಕಡಿಮೆ. ‘ನಿರ್ವಾತ ಕಡಿಮೆಯಾಗಿದೆ’ ಅಂತ ಬರೆದರೆ ಓದುವ ಹುಡುಗ ಗೊಂದಲಕ್ಕೆ ಬೀಳುತ್ತಾನೆ. ‘ಸೆಳೆತ ಕಡಿಮೆ’ ಅಂದರೆ ತಕ್ಷಣ ಹಿಡಿಯುತ್ತಾನೆ. ‘ಹೀರುಕೊಳವೆ’ಯನ್ನೂ ಯೋಚಿಸಿದೆ. ಆದರೆ ಅದು ಎಳನೀರಿನ ಸ್ಟ್ರಾ ಕಡೆಗೆ ಎಳೆಯುತ್ತದೆ, ಬೇಡ ಅನಿಸಿತು.

ಟರ್ಬೊ ಬಂದಾಗ ಸಮಸ್ಯೆ ಇನ್ನೂ ಜಾಸ್ತಿ. ಆಕ್ಸಿಲರೇಟರ್ ಒತ್ತಿದ ಮೇಲೆ ಟರ್ಬೊ ಗಾಳಿ ತುಂಬುತ್ತದೆ. ಆಗ ಅದೇ ಮ್ಯಾನಿಫೋಲ್ಡ್‌ನಲ್ಲಿ ಹೊರಗಿಗಿಂತ ಹೆಚ್ಚು ಒತ್ತಡ. ಐಡ್ಲಿಂಗ್‌ನಲ್ಲಿ ಸೆಳೆಯುತ್ತಿದ್ದ ಕೊಳವೆ ಈಗ ಉಬ್ಬುವ ಕಡೆಗೆ ಹೋಗುತ್ತದೆ. ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್‌ನಿಂದ ವೇಸ್ಟ್‌ಗೇಟ್‌ಗೆ (ಹೊಗೆಯನ್ನು ಪಕ್ಕಕ್ಕೆ ಬಿಟ್ಟು ಟರ್ಬೊಗೆ ಮಿತಿ ಹಾಕುವ ಬಾಗಿಲು) ಹೋಗುವ ಪೈಪಿನಲ್ಲಿ ಬರೀ ಒತ್ತಡವೇ ಇರುತ್ತದೆ, ಆದರೂ ಗ್ಯಾರೇಜಿನಲ್ಲಿ ಅದನ್ನೂ ವ್ಯಾಕ್ಯೂಮ್ ಪೈಪ್ ಅಂತಲೇ ಕರೆಯುತ್ತಾರೆ. ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಆ ಪೈಪ್ ಸೀಳಿದರೆ ವೇಸ್ಟ್‌ಗೇಟ್ ತೆರೆಯುವುದಿಲ್ಲ, ಟರ್ಬೊ ಮಿತಿ ಮೀರಿ ಗಾಳಿ ತುಂಬುತ್ತದೆ. ಡೀಸೆಲ್‌ನಲ್ಲಿ ಇದರ ತಿರುಗುಮುರುಗು. ಅಲ್ಲಿ ಸೆಳೆತಕ್ಕೆ ಬೇರೆ ಪಂಪ್ ಇರುತ್ತದೆ. ಅನೇಕ ಕಾರುಗಳಲ್ಲಿ ಆ ಸೆಳೆತ ಒಂದು ಸೊಲೆನಾಯ್ಡ್ (ವಿದ್ಯುತ್ತಿನಿಂದ ಕೆಲಸ ಮಾಡುವ ವಾಲ್ವ್) ಮೂಲಕ ಟರ್ಬೊದ ಆಕ್ಚುಯೇಟರ್‌ಗೆ ಹೋಗಿ, ಟರ್ಬೊ ಒಳಗೆ ಹೊಗೆಯ ದಾರಿ ಕಿರಿದು ಅಗಲ ಮಾಡುವ ರೆಕ್ಕೆಗಳನ್ನು ಮುಚ್ಚುತ್ತದೆ. ಫೋಕ್ಸ್‌ವ್ಯಾಗನ್ ಕಾರುಗಳ ಕೆಲಸ ಮಾಡುವವರು ಆ ಸೊಲೆನಾಯ್ಡನ್ನು ‘ಎನ್75’ ಅನ್ನುತ್ತಾರೆ. ಇಲ್ಲಿ ಕೊಳವೆ ಸೀಳಿದರೆ ರೆಕ್ಕೆ ತೆರೆದೇ ಉಳಿಯುತ್ತದೆ, ಪಿಕಪ್ ಹೋಗುತ್ತದೆ. ಹೀಗಿರುವಾಗ ಎರಡು ಹೆಸರು ಇಡುವುದೇ ಸರಿ ಅನಿಸುತ್ತದೆ: ‘ಸೆಳೆತದ ಕೊಳವೆ’, ‘ಒತ್ತಡದ ಕೊಳವೆ’. ಎರಡೂ ಕೆಲಸ ಮಾಡುವ ಕೊಳವೆಗೆ ಏನನ್ನೋಣ?

ಇನ್ನು ‘ಸುಟ್ಟಿದೆ’. ನನ್ನ ಮುಖ್ಯ ಪ್ರಶ್ನೆ ಇದೇ. ಬಿಸಿಗೆ ಕೆಟ್ಟ ರಬ್ಬರ್‌ ಕೊಳವೆಗಳೆಲ್ಲ ಒಂದೇ ಥರ ಕೆಟ್ಟಿರುವುದಿಲ್ಲ. ಮಾಡುವ ರಿಪೇರಿಯೂ ಒಂದೇ ಅಲ್ಲ.

ಕೆಲವು ವರ್ಷಗಟ್ಟಲೆ ಬಿಸಿ ಉಂಡು ಗಟ್ಟಿಯಾಗಿರುತ್ತವೆ. ಬಗ್ಗಿಸಿದರೆ ಲಟಕ್ ಅಂತ ಮುರಿಯುತ್ತವೆ. ಕೊಳವೆ ಕೂರುವ ತೊಟ್ಟಿನ ಹತ್ತಿರ ಹಿಡಿತ ಸಡಿಲಾಗಿ ಅಲ್ಲೇ ಮೊದಲು ಗಾಳಿ ಹೋಗುತ್ತದೆ. ಇದಕ್ಕೆ ‘ಪೆಡಸಾಗಿದೆ’ ಅಥವಾ ‘ಸೆಟೆದಿದೆ’ ಸರಿಹೊಂದುತ್ತದೆ. ಮೈಸೂರು ಕಡೆ ಹಳೇ ಬಟ್ಟೆಗೆ, ಮರಕ್ಕೆ ‘ಲಡ್ಡಾಗಿದೆ’ ಅನ್ನುತ್ತಾರೆ, ಅದೂ ಇಲ್ಲಿಗೆ ಆಗಬಹುದು. ತುದಿ ಮಾತ್ರ ಪೆಡಸಾಗಿ ಉಳಿದದ್ದು ಮೆತ್ತಗಿದ್ದರೆ, ಉದ್ದವೂ ಸಾಲುವಂತಿದ್ದರೆ, ತುದಿ ಕತ್ತರಿಸಿ ಮತ್ತೆ ಹಾಕಬಹುದು. ಉದ್ದಕ್ಕೂ ಪೆಡಸಾಗಿದ್ದರೆ ಪೂರ್ತಿ ಬದಲಿಸಲೇಬೇಕು.

ಕೆಲವು ಟರ್ಬೊಗೋ ಎಕ್ಸಾಸ್ಟ್‌ಗೋ ತಾಗಿ ಒಂದೇ ಕಡೆ ಕೆಟ್ಟಿರುತ್ತವೆ. ‘ಸೀದಿದೆ’ ಅನ್ನುವ ಪದ ಇದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಅನ್ನ ಸೀದಾಗ ತಳ ಮಾತ್ರ ಸೀದು ಮೇಲಿನದು ಚೆನ್ನಾಗಿರುತ್ತದಲ್ಲ, ಇದೂ ಹಾಗೇ. ‘ಸೀದಿದೆ’ ಅಂದ ಕೂಡಲೇ ಎಲ್ಲಿ ತಾಗುತ್ತಿದೆ ಅಂತ ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ. ಹೊಸ ಕೊಳವೆಯನ್ನು ಅದೇ ದಾರಿಯಲ್ಲಿ ಬಿಟ್ಟರೆ ಅದೂ ಸೀಯುತ್ತದೆ. ದಾರಿ ಬದಲಿಸಿ ಕ್ಲಿಪ್ ಹಾಕಬೇಕು, ಗಾಜಿನ ನಾರಿನ ತೋಳು ತೊಡಿಸಬೇಕು. ಟೇಪ್ ಸುತ್ತುವುದನ್ನು ದಯವಿಟ್ಟು ಮಾಡಬಾರದು. ಬಿಸಿಗೆ ಅದರ ಅಂಟು ಜಾರುತ್ತದೆ.

ಮೂರನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ. ಬಿಸಿಯ ಜೊತೆ ಎಣ್ಣೆಯ ಆವಿಯೂ ಸೇರಿ ಕೊಳವೆ ಮೆತ್ತಗಾಗಿ ಊದಿರುತ್ತದೆ. ಸೆಳೆತ ಬಂದಾಗ ಚಪ್ಪಟೆಯಾಗಿ ಒಳಗೊಳಗೇ ಅಂಟಿಕೊಳ್ಳುತ್ತದೆ. ಇಪಿಡಿಎಂ ರಬ್ಬರ್ ಬಿಸಿಯನ್ನು 125 ಡಿಗ್ರಿ ದಾಟಿಯೂ ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ. ಸಾದಾ ಸಿಲಿಕೋನ್ 200 ಡಿಗ್ರಿ ತಡೆದರೂ ಎಣ್ಣೆಗೆ ಒಳ್ಳೆಯದಲ್ಲ. ಇಂಥ ಕಡೆ ಬೇರೆ ಜಾತಿಯ ರಬ್ಬರ್ ಬೇಕು. ಈ ಸ್ಥಿತಿಗೆ ನನಗೆ ಒಂದು ಒಳ್ಳೆಯ ಪದ ಸಿಕ್ಕಿಲ್ಲ. ‘ಊದಿದೆ’ ಅರ್ಧ ಹೇಳುತ್ತದೆ, ‘ಮೆತ್ತಗಾಗಿದೆ’ ಇನ್ನರ್ಧ ಹೇಳುತ್ತದೆ.

‘ಶಾಖ’ದ ಬಗ್ಗೆ ಚಿಕ್ಕದಾಗಿ. ಪೆಟ್ರೋಲ್ ಟರ್ಬೊಗೆ ಬರುವ ಹೊಗೆ 900 ಡಿಗ್ರಿ ದಾಟಬಹುದು. ಮುಟ್ಟದೆಯೇ ದೂರದಿಂದ ಹೊಡೆಯುವ ಬಿಸಿಗೆ ನಮ್ಮಲ್ಲಿ ‘ಝಳ’ ಇದೆ. ತಗಡಿನ ಹೀಟ್ ಶೀಲ್ಡ್‌ಗೆ ‘ಝಳತಡೆ’ ಅಂದರೆ ಹೇಗೆ? ಎಂಜಿನ್ ಆಫ್ ಮಾಡಿದ ಮೇಲೆ ಗಾಳಿ ಆಡದೆ ಬಾನೆಟ್ ಒಳಗೆ ಬಿಸಿ ಏರುತ್ತದೆ, ಕೊಳವೆಗಳು ಬೇಯುವುದು ಆಗಲೂ ಕೂಡ. ಅದಕ್ಕೆ ‘ಕಾವು’ ಹೊಂದುತ್ತದೆ.

‘ನಿರ್ವಾತ ಸೋರಿಕೆ’ ಅಂತ ಬರೆದದ್ದನ್ನೂ ಕಂಡಿದ್ದೇನೆ. ಇಲ್ಲದ್ದು ಸೋರುವುದು ಹೇಗೆ? ‘ಸೋರು’ ಅಂದರೆ ಒಳಗಿಂದ ಹೊರಗೆ ಮಾತ್ರ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ‘ಮನೆ ಸೋರುತ್ತಿದೆ’ ಅಂದಾಗ ನೀರು ಒಳಕ್ಕೇ ಬರುತ್ತದೆ, ಅಲ್ವಾ? ಆದರೆ ಈ ಕೊಳವೆಯಲ್ಲಿ ದಿಕ್ಕು ಮುಖ್ಯ. ಗಾಳಿ ಅಳೆಯುವ ಸೆನ್ಸರ್ ಇರುವ ಪೆಟ್ರೋಲ್ ಟರ್ಬೊ ಎಂಜಿನ್‌ನಲ್ಲಿ ಕೊಳವೆ ಸೀಳಿದ್ದರೆ, ಐಡ್ಲಿಂಗ್ ಹೊತ್ತಿಗೆ ಅಳತೆಗೆ ಸಿಗದ ಗಾಳಿ ಒಳಬಂದು ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ. ಬೂಸ್ಟ್ ಬಂದಾಗ, ಅಂದರೆ ಟರ್ಬೊ ಗಾಳಿ ತುಂಬುವಾಗ, ಅಳೆದ ಗಾಳಿ ಹೊರಹೋಗಿ ಪಾಲು ಜಾಸ್ತಿಯಾಗುತ್ತದೆ. ಗ್ಯಾರೇಜಿನವರ ‘ಗಾಳಿ ಎಳೀತಿದೆ’ ಮೊದಲನೆಯದಕ್ಕೆ, ‘ಗಾಳಿ ಸೋರ್ತಿದೆ’ ಎರಡನೆಯದಕ್ಕೆ ಅಂತ ಬೇರೆ ಮಾಡಿಕೊಂಡಿದ್ದೇನೆ. ಬ್ರೇಕ್ ಒತ್ತಲು ಸೆಳೆತದಿಂದ ನೆರವಾಗುವ ಬ್ರೇಕ್ ಬೂಸ್ಟರ್‌ನ ಕೊಳವೆಗೂ ಮೊದಲನೆಯದೇ. ಅಲ್ಲಿ ಗಾಳಿ ಎಳೆದರೆ ಪೆಡಲ್ ಗಟ್ಟಿಯಾಗುತ್ತದೆ, ಗಾಡಿ ಓಡಿಸಲೇಬಾರದು. ಹಾಗಾಗಿ ಈ ಮಾತು ಓದುವವರಿಗೆ ಸ್ಪಷ್ಟವಾಗಿರಬೇಕು.

ಧಾರವಾಡ, ಕಲಬುರಗಿ ಕಡೆಯವರೂ ಕರಾವಳಿಯವರೂ ಹೇಳಿ: ಪೆಡಸಾದ ರಬ್ಬರಿಗೆ ನಿಮ್ಮ ಊರಿನ ಗ್ಯಾರೇಜಿನಲ್ಲಿ ಏನನ್ನುತ್ತಾರೆ? ಊದಿ ಮೆತ್ತಗಾದದ್ದಕ್ಕೆ ಒಂದೇ ಪದ ಇದೆಯೇ? ‘ತೊಟ್ಟು’ ಅಂದರೆ ಕೊಳವೆ ಸಿಕ್ಕಿಸುವ ಜಾಗ ಅಂತ ನಿಮಗೆ ತಟ್ಟನೆ ಹೊಳೆಯುತ್ತದೆಯೇ, ‘ನಿಪ್ಪಲ್’ ಅಂತಲೇ ಉಳಿಸಿಕೊಳ್ಳಬೇಕೇ?