ತ್ರೀ ಫೇಸ್ ಕರೆಂಟು ಬಂದ ಕೂಡಲೇ ಗೋದಾಮಿನ ಸೈರನ್ ಕೂಗುತ್ತದೆ, ಬಾಗಿಲು ಮುಚ್ಚಿಯೇ ಇರುತ್ತದೆ

ಅಡಿಕೆ ಅಂಗಳ:
ನಮ್ಮದು ತೀರ್ಥಹಳ್ಳಿ ಸಮೀಪದ ತೋಟದ ಮನೆ. ಬೇಯಿಸಿ ಒಣಗಿಸಿದ ಅಡಿಕೆಯ ಚೀಲಗಳನ್ನು ಮನೆಯಿಂದ ಸುಮಾರು 40 ಮೀಟರ್ ಆಚೆಯ ಗೋದಾಮಿನಲ್ಲಿ ಇಡುತ್ತೇವೆ. ಅಡಿಕೆಗೆ ಬೆಲೆ ಬಂದಾಗ ಕಳ್ಳರಿಗೂ ಕಾಲು ಬರುತ್ತದೆ. ಹಾಗಾಗಿ ಈ ಸಲ ನಾನೇ ಒಂದು ಕಾವಲು ವ್ಯವಸ್ಥೆ ಕಟ್ಟಿದೆ. ಮನೆಯೊಳಗೆ ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ನಿಯಂತ್ರಕ), ಅದರಲ್ಲಿ ಇಎಸ್‌ಪಿಹೋಮ್ (ಬೋರ್ಡನ್ನು ನಡೆಸುವ ತಂತ್ರಾಂಶ). ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಹೋಮ್ ಅಸಿಸ್ಟೆಂಟ್ (ಮನೆಯ ಸಾಧನಗಳನ್ನು ಒಂದೆಡೆ ನೋಡಿಕೊಳ್ಳುವ ತಂತ್ರಾಂಶ). ಗೋದಾಮಿನ ಬಾಗಿಲಿಗೆ ಅಯಸ್ಕಾಂತದ ಸೆನ್ಸರ್, ಅಲ್ಲಿಂದ ಮನೆಗೆ ಎರಡು ತಂತಿ, ಜಗಲಿಯಲ್ಲಿ 12 ವೋಲ್ಟ್ ಸೈರನ್. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಬಾಗಿಲು ತೆರೆದರೆ ಸೈರನ್ ಕೂಗಬೇಕು.

ಕೂಗುತ್ತದೆ. ಆದರೆ ಬಾಗಿಲು ತೆರೆಯದೆಯೂ ಕೂಗುತ್ತದೆ. ಮೊದಲ ಎರಡು ರಾತ್ರಿ ಕತ್ತಿ, ಟಾರ್ಚ್ ಹಿಡಿದು ಓಡಿದೆವು. ಮೂರನೆಯ ರಾತ್ರಿ ನಾಯಿಯೂ ಏಳಲಿಲ್ಲ. ಆಮೇಲೆ ಗಮನಿಸಿದ್ದು: ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಂದು, ಆಟೋ ಸ್ಟಾರ್ಟರ್ ಮೋಟಾರನ್ನು ಎಬ್ಬಿಸಿದ ಕೆಲವೇ ಕ್ಷಣಗಳಲ್ಲಿ ಸೈರನ್ ಶುರುವಾಗುತ್ತದೆ. ಸೆನ್ಸರ್ ಬದಲಿಸಿ ನೋಡಿದೆ, ಬೋರ್ಡನ್ನೂ ಬದಲಿಸಿದೆ. ಪ್ರಯೋಜನವಾಗಲಿಲ್ಲ. ಮನೆಯವರು ಈಗ ಸೈರನ್ನಿನ ತಂತಿಯನ್ನೇ ಕಿತ್ತಿಟ್ಟಿದ್ದಾರೆ.

ನಿಸ್ತಂತು:
ವೈಫೈ ತೊಂದರೆ ಇರಬಹುದು. ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿದು ರೌಟರ್ ಮತ್ತೆ ಚಾಲೂ ಆಗುತ್ತಿದೆಯೇ ನೋಡಿ. ನನ್ನನ್ನು ಕೇಳಿದರೆ ಈ ಕಾಲದಲ್ಲಿ 40 ಮೀಟರ್ ತಂತಿ ಎಳೆಯುವುದೇ ತಪ್ಪು. ಜಿಗ್‌ಬೀ (ಕಡಿಮೆ ವಿದ್ಯುತ್ತಿನ ನಿಸ್ತಂತು) ಸೆನ್ಸರ್ ಹಾಕಿ, ಒಂದು ಗುಂಡಿ ಸೆಲ್ಲಿನಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ಬೆಸುಗೆ ಹೊಗೆ:
ಸೆನ್ಸರ್ ಕೊಳ್ಳುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ. ತಂತಿಯನ್ನು ಬೋರ್ಡಿನ ಯಾವ ಪಿನ್ನಿಗೆ ಜೋಡಿಸಿದ್ದೀರಿ? ತಂತಿ ಯಾವ ದಾರಿಯಲ್ಲಿ ಬಂದಿದೆ? ಬೋರ್ಡಿನ ಕಡೆ ಎರಡೂ ತಂತಿಗಳನ್ನು ಬಿಚ್ಚಿ ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು (ಸರ್ಕ್ಯೂಟ್ ಪೂರ್ತಿಯಾದರೆ ಸದ್ದು ಮಾಡುತ್ತದೆ) ಪರೀಕ್ಷಿಸಿದರೆ, ಬಾಗಿಲು ಮುಚ್ಚಿದಾಗ ಸದ್ದು ಬರುತ್ತದೆಯೋ, ತೆರೆದಾಗಲೋ? ಜೊತೆಗೆ ಹೋಮ್ ಅಸಿಸ್ಟೆಂಟ್‌ನಲ್ಲಿ ಆ ಸೆನ್ಸರ್‌ನ ಹಗಲಿನ ಇತಿಹಾಸವನ್ನೂ ತೆರೆದು ನೋಡಿ.

ಅಡಿಕೆ ಅಂಗಳ:
ರೌಟರ್, ಬೋರ್ಡ್ ಎರಡೂ ಇನ್ವರ್ಟರಿನಲ್ಲಿವೆ, ಮರುಚಾಲನೆ ಆಗುತ್ತಿಲ್ಲ. ಪಿನ್ 34. ಕೋಡಿನಲ್ಲಿ ಪುಲ್-ಅಪ್ (ಪಿನ್ನನ್ನು 3.3 ವೋಲ್ಟಿನತ್ತ ಎಳೆದಿಡುವ ರೆಸಿಸ್ಟರ್) ಎಂದು ಬರೆದಾಗ ಇಎಸ್‌ಪಿಹೋಮ್ ದೋಷ ತೋರಿಸಿತು, ಆ ಸಾಲು ತೆಗೆದೆ, ಕೆಲಸ ಮಾಡಿತು. ತಂತಿ, ಪಂಪಿನ ಕೇಬಲ್ ಹೋಗುವ ಪಿವಿಸಿ ಪೈಪಿನೊಳಗೇ ಬಂದಿದೆ. ಹೊಸದಾಗಿ ಅಗೆಯುವುದು ಬೇಡವೆಂದು ಹಾಗೆ ಮಾಡಿದೆ. ಮೀಟರ್ ಬಾಗಿಲು ತೆರೆದಾಗ ಬೀಪ್ ಎನ್ನುತ್ತದೆ, ಮುಚ್ಚಿದಾಗ ಸುಮ್ಮನಿರುತ್ತದೆ. ಇತಿಹಾಸ ನೋಡಿ ಗಾಬರಿಯಾಯಿತು: ಹಗಲಿನಲ್ಲೂ ಆಗಾಗ ‘ತೆರೆದಿದೆ’ ಎಂದಿದೆ. ಸೈರನ್ ಹಗಲು ಕೂಗುವುದಿಲ್ಲವಾದ್ದರಿಂದ ಗೊತ್ತೇ ಆಗಿರಲಿಲ್ಲ.

ಬೆಸುಗೆ ಹೊಗೆ:
ಸರಿ, ಕಳ್ಳ ಸಿಕ್ಕಿದ. ಒಬ್ಬನಲ್ಲ, ಮೂವರು.

ಇಎಸ್‌ಪಿ32ರ 34, 35, 36, 39ನೇ ಪಿನ್ನುಗಳು ಒಳಬರುವ ಸಂಕೇತಕ್ಕೆ ಮಾತ್ರ. ಅವುಗಳೊಳಗೆ ಪುಲ್-ಅಪ್ ರೆಸಿಸ್ಟರ್ ಇಲ್ಲ. ಇಎಸ್‌ಪಿಹೋಮ್ ದೋಷ ತೋರಿಸಿದ್ದು ಅದಕ್ಕೇ. ಅದು ಬಾಗಿಲು ತಟ್ಟಿ ಎಚ್ಚರಿಸಿತು, ನೀವು ಬಾಗಿಲನ್ನೇ ಕಿತ್ತುಹಾಕಿದಿರಿ. (ನಾನೂ ಒಮ್ಮೆ ಹೀಗೆಯೇ ಮಾಡಿ ಒಂದು ಭಾನುವಾರ ಕಳೆದುಕೊಂಡಿದ್ದೇನೆ.)

ಎರಡನೆಯದು, ನಿಮ್ಮ ಸೆನ್ಸರ್ ಮೂರು ತಿರುಪಿನದು ಇರಬೇಕು: ಕಾಮ್ (ಎರಡಕ್ಕೂ ಸಾಮಾನ್ಯ), ಎನ್‌ಒ (ಸಹಜವಾಗಿ ತೆರೆದದ್ದು), ಎನ್‌ಸಿ (ಸಹಜವಾಗಿ ಮುಚ್ಚಿದ್ದು). ಈಗಿನ ಜೋಡಣೆಯಲ್ಲಿ ಬಾಗಿಲು ಮುಚ್ಚಿದಾಗ ಸರ್ಕ್ಯೂಟ್ ಕಡಿದಿರುತ್ತದೆ. ಅಂದರೆ ರಾತ್ರಿಯಿಡೀ ಆ ಪಿನ್ 3.3 ವೋಲ್ಟಿಗೂ ಸೇರದೆ, ಗ್ರೌಂಡಿಗೂ (0 ವೋಲ್ಟ್) ಸೇರದೆ, 40 ಮೀಟರ್ ಉದ್ದದ ಆಂಟೆನಾ ಕಟ್ಟಿಕೊಂಡು ತೇಲುತ್ತಿರುತ್ತದೆ. ಪಕ್ಕದಲ್ಲೇ ಪಂಪಿನ ಕೇಬಲ್. ಮೋಟಾರ್ ಹೊರಟಾಗ ಅದು ಸಾಮಾನ್ಯಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಸ್ಟಾರ್ಟರಿನ ಕಾಂಟ್ಯಾಕ್ಟುಗಳು ಕಿಡಿ ಹಾರಿಸುತ್ತವೆ, ನಿಮ್ಮ ತಂತಿ ಅದೆಲ್ಲವನ್ನೂ ಹೀರಿಕೊಂಡು ಪಿನ್ನಿಗೆ ಮುಟ್ಟಿಸುತ್ತದೆ. ಪಂಪಿನ ಕೇಬಲ್ಲಿನ ಜೊತೆ ಒಂದೇ ಪೈಪಿನಲ್ಲಿ ಎಳೆದದ್ದು ಮೂರನೆಯ ತಪ್ಪು. ಇದು ಅಪಾಯವೂ ಹೌದು. ಇಲಿಯೋ ಬಿಸಿಲೋ ಪಂಪಿನ ಕೇಬಲ್ಲಿನ ಹೊದಿಕೆ ತಿಂದರೆ 400 ವೋಲ್ಟಿನ ಲೈನು ನಿಮ್ಮ ಮೇಜಿನ ಮೇಲೆ ಬಂದು ಕೂರುತ್ತದೆ.

ಸೈರನ್ ವೃಥಾ ಕೂಗುವುದು ನಿಮಗೆ ದೊಡ್ಡದಾಗಿ ಕಾಣುತ್ತಿದೆ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು: ಈಗಿನ ಜೋಡಣೆಯಲ್ಲಿ ಯಾರಾದರೂ ತಂತಿ ಕತ್ತರಿಸಿ ಒಳಗೆ ಹೋದರೆ ಸೈರನ್ ಕೂಗುವುದೇ ಇಲ್ಲ. ಕಾವಲಿನ ತಂತಿಯಲ್ಲಿ ಬಾಗಿಲು ಮುಚ್ಚಿರುವಾಗ ಸರ್ಕ್ಯೂಟ್ ಪೂರ್ತಿಯಾಗಿರಬೇಕು. ಬಾಗಿಲು ತೆರೆದರೂ ತಂತಿ ಕಡಿದರೂ ಅದು ಮುರಿಯಬೇಕು.

ಹೀಗೆ ಮಾಡಿ. ಮೀಟರ್ ಹಿಡಿದು, ಬಾಗಿಲು ಮುಚ್ಚಿದಾಗ ಬೀಪ್ ಬರುವ ಜೋಡಿ ತಿರುಪುಗಳನ್ನು ಹುಡುಕಿ ಅವಕ್ಕೆ ತಂತಿ ಹಾಕಿ. ಹೆಸರುಗಳನ್ನು ನಂಬಬೇಡಿ, ಎನ್‌ಒ, ಎನ್‌ಸಿ ಎಂದು ಬರೆಯುವುದರಲ್ಲಿ ತಯಾರಕರು ಒಬ್ಬೊಬ್ಬರು ಒಂದೊಂದು ರೀತಿ. ಒಂದು ತಂತಿ ಗ್ರೌಂಡಿಗೆ, ಇನ್ನೊಂದು 1 ಕಿಲೋಓಮ್ ರೆಸಿಸ್ಟರ್ ದಾಟಿ ಪಿನ್ 33ಕ್ಕೆ. ಆ ಪಿನ್ನಿನಿಂದ 3.3 ವೋಲ್ಟಿಗೆ 10 ಕಿಲೋಓಮ್, ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. 33ರಲ್ಲಿ ಒಳಗಿನ ಪುಲ್-ಅಪ್ ಇದ್ದರೂ ಇಷ್ಟು ಉದ್ದದ ತಂತಿಗೆ ಅದು ದುರ್ಬಲ. ಇಎಸ್‌ಪಿಹೋಮ್‌ನಲ್ಲಿ 200 ಮಿಲಿಸೆಕೆಂಡಿನ ಡಿಲೇಡ್ ಆನ್ ಫಿಲ್ಟರ್ ಸೇರಿಸಿ, ಅಷ್ಟು ಹೊತ್ತು ಸತತವಾಗಿ ತೆರೆದಂತೆ ಕಂಡರೆ ಮಾತ್ರ ಅದು ನಂಬುತ್ತದೆ. ಹಳೆಯ ಕೋಡಿನಲ್ಲಿ ಇನ್ವರ್ಟೆಡ್ (ಸಂಕೇತವನ್ನು ತಿರುಗಿಸಿ ಓದು) ಎಂದಿದ್ದರೆ ತೆಗೆಯಿರಿ. ತಂತಿ ಬೇರೆ ದಾರಿಯಲ್ಲಿ ಬರಲಿ, ಕ್ಯಾಟ್ 6 ನೆಟ್‌ವರ್ಕ್ ಕೇಬಲ್ಲಿನ ಒಂದು ಹೊಸೆದ ಜೋಡಿ ಸಾಕು. ಪಂಪಿನ ಕೇಬಲ್ ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ.

ನಿಸ್ತಂತು:
ಇಷ್ಟೆಲ್ಲ ಅಗೆಯುವುದಕ್ಕಿಂತ ಜಿಗ್‌ಬೀ ಸುಲಭವಲ್ಲವೇ?

ಬೆಸುಗೆ ಹೊಗೆ:
ಮನೆಯೊಳಗೆ ಸುಲಭ. ಇಲ್ಲಿ ನಡುವೆ ಜಂಬಿಟ್ಟಿಗೆಯ ಗೋಡೆಗಳು, ತಗಡಿನ ಮಾಡು, ಮಳೆಗಾಲದ ಒದ್ದೆ ಮರಗಳು. ನಡುವೆ ಒಂದು ಜಿಗ್‌ಬೀ ಪ್ಲಗ್ ಇಟ್ಟು ಸಂಕೇತವನ್ನು ದಾಟಿಸಬಹುದು, ಆದರೆ ಕರೆಂಟು ಹೋದರೆ ಆ ಪ್ಲಗ್ಗೂ ಹೋಗುತ್ತದೆ. ಮಲೆನಾಡಿನ ಜುಲೈಯಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆಂದು ನಾನು ಹೇಳಬೇಕೇ? ಆದರೆ ಒಂದು ಮಾತಿನಲ್ಲಿ ನೀವು ಸರಿ: ಉದ್ದದ ತಂತಿ ಸಿಡಿಲಿನ ಪೆಟ್ಟನ್ನೂ ಒಳಗೆ ತರುತ್ತದೆ. ಆಪ್ಟೋಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಹಾಕಿದರೆ ಸಣ್ಣಪುಟ್ಟ ಪೆಟ್ಟು ತಡೆಯುತ್ತದೆ. ಹತ್ತಿರದಲ್ಲೇ ಸಿಡಿಲು ಬಿದ್ದರೆ ಯಾವುದೂ ಉಳಿಯುವುದಿಲ್ಲ.

ಅಡಿಕೆ ಅಂಗಳ:
ಎರಡು ದಿನ ಅಗೆತ, ಅರ್ಧ ಗಂಟೆ ಬೆಸುಗೆ. ತಿರುಪು ಬದಲಿಸಿ, ಹೊಸ ಕೇಬಲ್ ಬೇಲಿಯ ಬದಿಯಲ್ಲಿ ಎಳೆದು, ನೀವು ಹೇಳಿದ ರೆಸಿಸ್ಟರ್, ಕೆಪಾಸಿಟರ್ ಹಾಕಿದೆ. ಆಟೋ ಸ್ಟಾರ್ಟರನ್ನು ಇಪ್ಪತ್ತು ಸಲ ಹಾಕಿ ತೆಗೆದು ಮಾಡಿದೆ. ಸೆನ್ಸರ್‌ನ ಇತಿಹಾಸದಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಮನೆಯವರು ಸೈರನ್ ತಂತಿ ವಾಪಸು ಕೊಟ್ಟಿದ್ದಾರೆ.

ಅಡಿಕೆ ಅಂಗಳ (ಹನ್ನೊಂದು ದಿನಗಳ ನಂತರ):
ನಿನ್ನೆ ರಾತ್ರಿ ಎರಡೂವರೆಗೆ ಮತ್ತೆ ಸೈರನ್. ತ್ರೀ ಫೇಸ್ ಇರಲಿಲ್ಲ. ಹೋಗಿ ನೋಡಿದರೆ ಬಾಗಿಲು ಮುಚ್ಚಿದೆ, ಬೀಗ ಭದ್ರ. ಬೆಳಗ್ಗೆ ಹುಡುಕಿದಾಗ ಬೇಲಿಯ ಬುಡದಲ್ಲಿ ಕೇಬಲ್ ಕಡಿದಿತ್ತು, ಇಲಿ ಹಲ್ಲಿನ ಗುರುತು ಸ್ಪಷ್ಟ. ಈ ಸಲ ಮನೆಯವರು ಬೈಯಲಿಲ್ಲ. ಇದಕ್ಕೆ ಏನು ಮಾಡಲಿ?

ಬೆಸುಗೆ ಹೊಗೆ:
ಅರ್ಧ ಇಂಚಿನ ಜಿಐ ಪೈಪಿನೊಳಗೆ ಹಾಕಿ. ಬಾಯಿಗೆ ಸಿಮೆಂಟ್ ಮೆತ್ತುವ ಮೊದಲು ಒಳಗೆ ಒಂದು ಎಳೆದಾರ ಬಿಟ್ಟಿರಿ, ಮುಂದಿನ ಸಲ ಅಗೆಯುವುದು ತಪ್ಪುತ್ತದೆ.