ಮಾಯವಾದ ಹರ್ಪಿಸ್ ವೈರಸ್ ಇಲಿಯ ಶ್ವಾಸಕೋಶದಲ್ಲಿ ಮತ್ತೆ ಏಳುವುದೇಕೆ?

ಪ್ರಶ್ನೆ (ವಿದ್ಯಾರ್ಥಿನಿ, ಬೀದರ್):
ಬಲ್ಲವರಿಗೆ ನಮಸ್ಕಾರ. ನಾನು ಪಶುವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದು, ಮುಂದಿನ ವಾರದ ಸೆಮಿನಾರಿಗೆ ಹರ್ಪಿಸ್ ವೈರಸ್‌ಗಳ ಗಾಮಾ ಗುಂಪಿಗೆ ಸೇರಿದ, ಇಲಿಗಳ ಗಾಮಾಹರ್ಪಿಸ್ ವೈರಸ್ 68 ಅನ್ನು ಆರಿಸಿಕೊಂಡಿದ್ದೇನೆ. ಸೋಂಕಿನ ವಿರುದ್ಧ ಹೋರಾಡುವ ಟಿ-ಕೋಶವು ಚುರುಕಾಗಲು ಪ್ರತಿಜನಕದ (ರೋಗಾಣುವಿನ ತುಣುಕಿನ) ಗುರುತೊಂದೇ ಸಾಲದು, ಆ ಕೋಶದ ಮೇಲಿರುವ ಸಿಡಿ28 ಎಂಬ ಗ್ರಾಹಕದ ಮೂಲಕ ಎರಡನೆಯ ಸಂಕೇತವೂ (ಸಹ-ಉತ್ತೇಜನ) ಬೇಕು ಎಂದು ನಮಗೆ ಕಲಿಸಿದ್ದಾರೆ. ಆದರೆ ಸಿಡಿ28 ಇಲ್ಲದ ಇಲಿಗಳು ಈ ವೈರಸ್ಸನ್ನು ಬಹುಕಾಲ ಹತೋಟಿಯಲ್ಲಿಡುತ್ತವೆ. ಪ್ರತಿಜನಕ ತೋರಿಸುವ ಕೋಶಗಳ ಮೇಲಿದ್ದು ಸಿಡಿ28ಕ್ಕೆ ಅಂಟುವ ಅದರ ಜೋಡಿಗಳಾದ ಸಿಡಿ80 ಮತ್ತು ಸಿಡಿ86 ಎರಡೂ ಇಲ್ಲದ ಇಲಿಗಳಲ್ಲಾದರೋ ವೈರಸ್ ಶ್ವಾಸಕೋಶದಲ್ಲಿ ಮರುಕಳಿಸುತ್ತದೆ. ಕೀಲಿ ಕಳೆದರೂ ಕೀಲಿಕೈ ಕಳೆದರೂ ಪಾಡು ಒಂದೇ ಆಗಬೇಕಲ್ಲವೇ?

ಉತ್ತರ 1 (ನಿವೃತ್ತ ಉಪನ್ಯಾಸಕ, ಕಲಬುರಗಿ):
ತಂಗಿ, ಈ ಕೀಲಿಕೈ ಒಂದೇ ಕೀಲಿಯದಲ್ಲ. ಸಿಡಿ80 ಮತ್ತು ಸಿಡಿ86 ಟಿ-ಕೋಶದ ಇನ್ನೊಂದು ಗ್ರಾಹಕವಾದ ಸಿಟಿಎಲ್‌ಎ-4ಕ್ಕೂ ಅಂಟುತ್ತವೆಯಾದ್ದರಿಂದ, ಅವೆರಡನ್ನೂ ತೆಗೆದಾಗ ಸಿಡಿ28ರ ಸಂಕೇತಕ್ಕಿಂತ ಹೆಚ್ಚಿನದು ಕೈತಪ್ಪುತ್ತದೆ. ಹಾಗೆಂದು ಎಲ್ಲವನ್ನೂ ಸಿಟಿಎಲ್‌ಎ-4ರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅದರ ಮುಖ್ಯ ಕೆಲಸ ಟಿ-ಕೋಶಕ್ಕೆ ಕಡಿವಾಣ ಹಾಕುವುದು.

ಸೆಮಿನಾರಿನಲ್ಲಿ ನಾನಾಗಿದ್ದರೆ ಸೋಂಕಿನ ದಿನಗಳ ಲೆಕ್ಕವನ್ನು ಹೆಚ್ಚು ಬಿಡಿಸಿ ಹೇಳುತ್ತಿದ್ದೆ. ಮೂಗಿನ ಮೂಲಕ ಸೋಂಕು ತಗಲಿಸಿದರೆ ಶ್ವಾಸಕೋಶದ ಸಕ್ರಿಯ ಸೋಂಕು ಸುಮಾರು ಎರಡು ವಾರಗಳಲ್ಲಿ ಇಳಿಯುತ್ತದೆ. ಆಗ ಶ್ವಾಸಕೋಶವನ್ನು ಅರೆದು ಕೋಶಪದರದ ಮೇಲೆ ಹಾಕಿ, ಕೆಲವು ದಿನಗಳ ನಂತರ ಕ್ರಿಸ್ಟಲ್ ವಯಲೆಟ್ ಬಣ್ಣ ಕೊಟ್ಟರೆ ತಟ್ಟೆಯ ತಳ ಎಲ್ಲೂ ತೂತಿಲ್ಲದೆ ನೇರಳೆಯಾಗಿ ನಿಲ್ಲುತ್ತದೆ, ಅಂದರೆ ವೈರಸ್ ಕೋಶಗಳನ್ನು ಕೊಂದ ಗುರುತಿಲ್ಲ. ಅದೇ ಇಲಿಯ ಗುಲ್ಮದ (ಸ್ಪ್ಲೀನ್) ಜೀವಂತ ಕೋಶಗಳನ್ನು ಹಾಕಿದರೆ ನೇರಳೆಯ ನಡುವೆ ಖಾಲಿ ಚುಕ್ಕೆಗಳು ಕಾಣಿಸುತ್ತವೆ. ವೈರಸ್ ಅಲ್ಲಿನ ಬಿ-ಕೋಶಗಳಲ್ಲಿ (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಲ್ಲಿ) ಅಡಗಿರುತ್ತದೆ. ತೊಗರಿ ಹೊಲದಲ್ಲಿ ಕರಿಕೆ ಕಿತ್ತವರಿಗೆ ಇದು ಹೊಸ ಮಾತಲ್ಲ: ಮೇಲಿನ ಹುಲ್ಲು ಹೋದರೂ ಬೇರು ಉಳಿಯುತ್ತದೆ.

ಇತರ ರಕ್ಷಣಾ ಕೋಶಗಳಿಗೆ ನೆರವಾಗುವ ಸಿಡಿ4 ಟಿ-ಕೋಶಗಳಿಲ್ಲದ ಇಲಿಗಳೂ ಮೊದಲ ಘಟ್ಟವನ್ನು ದಾಟುತ್ತವೆ, ಎಡವುವುದು ಆಮೇಲೆ. ಅಂಥ ಇಲಿಗಳಿಗೆ, ಪ್ರತಿಜನಕ ತೋರಿಸುವ ಕೋಶಗಳ ಮೇಲಿರುವ ಸಿಡಿ40 ಎಂಬ ಗ್ರಾಹಕವನ್ನು ಪ್ರಚೋದಿಸುವ ಪ್ರತಿಕಾಯ ಕೊಟ್ಟರೆ ಶ್ವಾಸಕೋಶದಲ್ಲಿ ವೈರಸ್ ಮರಳಿ ಏಳುವುದನ್ನು ತಡೆಯಬಹುದೆಂದು 2001ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಸೋಂಕನ್ನು ಇಳಿಸುವುದು ಬೇರೆ, ಇಳಿದದ್ದನ್ನು ಕಾಯುವುದು ಬೇರೆ. ಸಹ-ಉತ್ತೇಜನದ ಕೊರತೆ ಇಲ್ಲಿ ಎದ್ದು ಕಾಣುವುದು ಕಾಯುವ ಹಂತದಲ್ಲಿ.

ಉತ್ತರ 2 (ವೈದ್ಯ, ಯಾದಗಿರಿ):
ಸರ್ ಹೇಳಿದ್ದಕ್ಕೆ ಮನುಷ್ಯರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಸಿಡಿ80 ಮತ್ತು ಸಿಡಿ86ಗಳಿಗೆ ಅಡ್ಡಬರುವ ಬೆಲಾಟಾಸೆಪ್ಟ್ ಔಷಧಕ್ಕೆ ಮೂತ್ರಪಿಂಡ ಕಸಿಯಾದವರಲ್ಲಿ ಬಳಸಲು ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ದೊರೆಯಿತು. ಆದರೆ ಎಪ್‌ಸ್ಟೀನ್-ಬಾರ್ ವೈರಸ್ ಮೊದಲೇ ತಗಲಿರದವರಿಗೆ ಅದನ್ನು ಕೊಡಕೂಡದು, ಏಕೆಂದರೆ ಅವರಲ್ಲಿ ಬಿ-ಕೋಶಗಳು ಮಿತಿಮೀರಿ ಬೆಳೆಯುವ ಕಾಯಿಲೆಯ ಅಪಾಯ ಹೆಚ್ಚು. ಆ ವೈರಸ್ಸೂ ಗಾಮಾ ಗುಂಪಿನದೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕೀಲಿಯ ಚಿತ್ರವಿದ್ದ ಸ್ಲೈಡನ್ನು ತೆಗೆದು ದಿನಗಳ ರೇಖೆಯನ್ನು ಹಾಕುತ್ತೇನೆ. ದನಗಳ ಹರ್ಪಿಸ್ ವೈರಸ್ 1ರ ವಿಷಯವನ್ನೂ ಸೇರಿಸಲೇ?

ಉತ್ತರ 1:
ಬೇಡ, ತಂಗಿ. ಅದು ಆಲ್ಫಾ ಗುಂಪಿನದು, ಅಡಗುವುದು ನರಗ್ರಂಥಿಯಲ್ಲಿ. ಯಾರಾದರೂ ಕೇಳಿದರೆ ಮಾತ್ರ ಹೇಳಿ.