ಚಳಿಗೆ ಅಂತ ಗೋಲ್ಡ್‌ಫಿಶ್ ಒಳಗೆ ತಂದೆ, ಈಗ ಮೇಲೆ ಬಂದು ಬಾಯಿ ಬಡಿಯುತ್ತಿವೆ

ಮಹಡಿಕೊಳ, ಯಲಹಂಕ:
ತಾರಸಿ ಮೇಲೆ ಸುಮಾರು 400 ಲೀಟರಿನ ಸಿಮೆಂಟ್ ತೊಟ್ಟಿ ಇದೆ. ಅದರಲ್ಲಿ ನಾಲ್ಕು ಸಾದಾ ಗೋಲ್ಡ್‌ಫಿಶ್, ಎರಡು ಒರಾಂಡಾ (ಗುಂಡು ಹೊಟ್ಟೆಯ ಗೋಲ್ಡ್‌ಫಿಶ್ ತಳಿ). ಈಗ ಬೆಳಿಗ್ಗೆ ನೀರು ಮುಟ್ಟಿದರೆ ಕೈ ಕೊರೆಯುತ್ತೆ, ಮೀನು ತಳದಲ್ಲಿ ಸುಮ್ನೆ ನಿಂತಿರುತ್ತವೆ. ಚಳಿಗಾಲದಲ್ಲಿ ಒಳಗಿಡಬೇಕು ಅಂತ ವಿಡಿಯೋ ಒಂದರಲ್ಲಿ ಹೇಳಿದ್ದರು. ಎರಡಡಿ ಗಾಜಿನ ಟ್ಯಾಂಕ್, ಹೊಸ ಫಿಲ್ಟರ್, ಹೀಟರ್ ತಂದು ಹಾಲ್‌ನಲ್ಲಿ ಇಟ್ಟೆ. ಹೀಟರ್ 28ಕ್ಕೆ ಇದೆ. ಎರಡು ಮೂರು ದಿನಕ್ಕೇ ನೀರು ಮಸುಕಾಯಿತು. ಮೀನು ರೆಕ್ಕೆ ಮುದುಡಿಕೊಂಡು ಮೇಲೆ ಬಂದು ಬಾಯಿ ತೆರೀತಿವೆ. ಅಂಗಡಿಯವರು ನೀಲಿ ಔಷಧಿ ಕೊಟ್ಟಿದ್ದಾರೆ. ಹಾಕಲಾ?

ಹಳೇತೊಟ್ಟಿ:
ಬೇಡ. ಅದು ಮೆಥಿಲೀನ್ ಬ್ಲೂ ಇರಬೇಕು. ಫಿಲ್ಟರಿನಲ್ಲಿ ಈಗಷ್ಟೇ ಬೆಳೆಯೋಕೆ ಶುರುವಾದ ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ. ಟ್ಯಾಂಕಿನ ಸಿಲಿಕೋನ್ ನೀಲಿಯಾಗೋದು ಬೇರೆ.

ಇದು ಚಳಿಯ ಕಾಯಿಲೆ ಅಲ್ಲ, ಹೊಸ ಟ್ಯಾಂಕಿನ ಕಾಯಿಲೆ. 2×1×1 ಅಡಿ ಅಂದ್ರೆ 56 ಲೀಟರ್. ಕಲ್ಲು ಹಾಕಿ, ಮೇಲೆ ಜಾಗ ಬಿಟ್ಟರೆ 45 ಉಳೀಬಹುದು. 400 ಲೀಟರಿನಲ್ಲಿ ಕರಗಿ ಹೋಗುತ್ತಿದ್ದ ಗಲೀಜು ಈಗ ಅಷ್ಟರಲ್ಲೇ ಇದೆ. ಮೀನು ಬಿಡುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ನೆಲೆ ನಿಲ್ಲೋಕೆ ನಾಲ್ಕರಿಂದ ಆರು ವಾರ ಬೇಕು. ನಿಮ್ಮ ತೊಟ್ಟಿಯ ಗೋಡೆಗೆ ಅಂಟಿದ ಹಸಿರು ಪಾಚಿ ಇಷ್ಟು ದಿನ ಆ ಕೆಲಸ ಮಾಡುತ್ತಿತ್ತು. ಅದನ್ನು ತಿಕ್ಕಿ ತೊಳೆದಿಲ್ಲ ತಾನೇ?

ಈಗಲೇ ಅರ್ಧ ನೀರು ಬದಲಿಸಿ, ಹೊಸ ನೀರು ಟ್ಯಾಂಕಿನಷ್ಟೇ ಬೆಚ್ಚಗಿರಲಿ. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು. ಏರ್ ಪಂಪ್ ಜೋರಾಗಿಡಿ. ಎರಡು ದಿನ ಊಟ ಬಂದ್. ಹಸಿವಿನಿಂದ ಏನೂ ಆಗಲ್ಲ. ಅಮೋನಿಯಾ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಎರಡನ್ನೂ ಅಳೆದು ಹೇಳಿ.

ಬಣ್ಣದಮೀನು, ಬನಶಂಕರಿ:
ಹೀಟರ್ ಇರಲಿ ಸರ್, 30ಕ್ಕೆ ಏರಿಸಿ. ಬಿಸಿಗೆ ರೋಗ ಹೋಗುತ್ತೆ. ನಮ್ಮ ಗಪ್ಪಿಗೆ ಹಾಗೇ ಮಾಡಿದ್ದು.

ಹಳೇತೊಟ್ಟಿ:
ಗಪ್ಪಿ ಬಿಸಿನೀರಿನ ಮೀನು, ಲೆಕ್ಕವೇ ಬೇರೆ. ಗೋಲ್ಡ್‌ಫಿಶ್ ಕಾರ್ಪ್ ಜಾತಿ, ತಣ್ಣೀರಿನದು. ಬಿಸಿ ಏರಿದಷ್ಟೂ ನೀರಲ್ಲಿ ಆಮ್ಲಜನಕ ಕಡಿಮೆ: 15 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಹಿಡಿಯುತ್ತೆ, 28ರಲ್ಲಿ 8ಕ್ಕೂ ಕಡಿಮೆ. ಮೇಲಿಂದ ಅಮೋನಿಯಾದ ವಿಷವೂ ಬಿಸಿಗೆ ಜಾಸ್ತಿ ಆಗುತ್ತೆ. 30 ಮಾಡಿದರೆ ಮೀನು ಉಳಿಯಲ್ಲ ಅಷ್ಟೇ.

ಮಹಡಿಕೊಳ:
ತೊಟ್ಟಿ ಹಾಗೇ ಇದೆ, ತೊಳೆದಿಲ್ಲ. ನಮ್ಮದು ಬೋರ್ ನೀರು. ಅಮೋನಿಯಾ 2 ತೋರಿಸ್ತಿದೆ, ಪಿಎಚ್ 8. ನೀರು ಬದಲಿಸಿದ ಮೇಲೆ ಬಾಯಿ ಬಡಿಯೋದು ಸ್ವಲ್ಪ ಕಮ್ಮಿ. ತಾರಸಿ ನೀರು ಬೆಳಿಗ್ಗೆ ಆರಕ್ಕೆ 17 ಡಿಗ್ರಿ, ಮಧ್ಯಾಹ್ನ 22.

ಹಳೇತೊಟ್ಟಿ:
ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷದ ಪಾಲು ಹತ್ತು ಪಟ್ಟು ಆಗುತ್ತೆ. ಹಾಗಾಗಿ ನಾಳೆಯೂ ಅರ್ಧ ನೀರು ಬದಲಿಸಿ.

17 ಡಿಗ್ರಿ ಸಾದಾ ಗೋಲ್ಡ್‌ಫಿಶ್‌ಗೆ ಚಳಿಯೇ ಅಲ್ಲ. ಕೊಳದ ನೀರು ಹೆಪ್ಪುಗಟ್ಟುವ ದೇಶದವರು ಒಳಗೆ ತರುತ್ತಾರೆ, ಆ ವಿಡಿಯೋ ಅವರಿಗೆ. ನಮ್ಮ ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ತಳದಲ್ಲಿ ನಿಲ್ಲೋದು ತಣ್ಣಗಾದಾಗ ಅವು ನಿಧಾನ ಆಗೋ ರೀತಿ. ಬಿಸಿಲು ಬಂದ ಮೇಲೆ ಓಡಾಡಿದರೆ ಆರೋಗ್ಯವಾಗಿವೆ.

ಹೀಟರನ್ನು ದಿನಕ್ಕೆ ಎರಡು ಡಿಗ್ರಿಯಂತೆ ಇಳಿಸಿ, ಕೊನೆಗೆ ಆಫ್ ಮಾಡಿ. ಟ್ಯಾಂಕ್ 22-23ಕ್ಕೆ ಬಂದ ಮೇಲೆ ಮಧ್ಯಾಹ್ನ ಮೂರರ ಹೊತ್ತಿಗೆ ವಾಪಸ್ ಬಿಡಿ, ಆಗ ಎರಡೂ ನೀರು ಹತ್ತಿರ ಹತ್ತಿರ ಒಂದೇ. ಬೆಳಿಗ್ಗೆ ಮಾತ್ರ ಬಿಡಬೇಡಿ. ಚೀಲದಲ್ಲಿ ಕಾಲು ಗಂಟೆ ತೇಲಿಸಿ, ಸ್ವಲ್ಪ ಸ್ವಲ್ಪ ತೊಟ್ಟಿ ನೀರು ಸೇರಿಸಿ.

ಮಹಡಿಕೊಳ:
ಒರಾಂಡಾನೂ?

ಹಳೇತೊಟ್ಟಿ:
ಅವು ಸ್ವಲ್ಪ ನಾಜೂಕು. ಗುಂಡು ಹೊಟ್ಟೆ ನೋಡಿ, ತಣ್ಣಗಾದರೆ ವಾಲುತ್ತವೆ, ತೇಲುತ್ತವೆ. 17 ತಡೀತವೆ, ಆದರೆ ನೀರು 15ರ ಕೆಳಗೆ ಹೋಗೋ ರಾತ್ರಿ ತೊಟ್ಟಿಯ ಅರ್ಧಕ್ಕೆ ಥರ್ಮೋಕೋಲ್ ಮುಚ್ಚಿ, ಉಳಿದರ್ಧ ಗಾಳಿಗೆ ತೆರೆದಿರಲಿ. ಊಟ ಮಧ್ಯಾಹ್ನ ಒಂದೇ ಸಲ. ಒಳಗೇ ಇಡುವುದಾದರೆ ಎರಡಕ್ಕೇ 100 ಲೀಟರ್ ಬೇಕು. ಅಲ್ಲಿವರೆಗೆ ಹೊಸ ಫಿಲ್ಟರಿನ ಸ್ಪಾಂಜ್ ತೊಟ್ಟಿಯಲ್ಲಿ ಓಡಿಸಿ, ಅದರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳಿ.

ಮಹಡಿಕೊಳ:
ಉಳಿದ ಐದೂ ಈಗ ತಾರಸಿ ತೊಟ್ಟಿಯಲ್ಲಿವೆ. ಒಂದು ಒರಾಂಡಾ ಹೀಟರ್ ಇಳಿಸುತ್ತಿರುವಾಗಲೇ ಸತ್ತು ಹೋಯ್ತು. ಫಿಲ್ಟರ್ ತೊಟ್ಟಿಯಲ್ಲಿ ಓಡ್ತಿದೆ. ಹೀಟರ್ ಅಂಗಡಿಯವರು ವಾಪಸ್ ತಗೊಳ್ಳಲ್ಲವಂತೆ, ಬನಶಂಕರಿಯ ಗಪ್ಪಿಯವರಿಗೆ ಬೇಕಾದರೆ ಹೇಳಿ.